ರಿಪೇರಿ ರಾಯಪ್ಪನ ಏಳು ಸನ್ನೆ

ಫಕೀರಪ್ಪನ ಕೈ ಹದ ತಪ್ಪುತ್ತಿದೆ ಎಂಬುದನ್ನು ಮೊದಲು ಕಂಡವಳು ಪಮ್ಮಕ್ಕ. ಬೇರೆಯವರಿಗೆ ಅದು ಕಾಣುವಂಥದ್ದೇ ಅಲ್ಲ ಬಿಡಿ. ಒಬ್ಬ ನಟ ಅರಿವೆಗೆ ಕೈ ಒರೆಸಿಕೊಳ್ಳುವಾಗ ಎರಡು ಬೆರಳು ಮುಕ್ಕಾಲು ಸೆಕೆಂಡು ಆಚೀಚೆ ಆದರೆ ಯಾರ ಗಂಟು ಹೋಗುತ್ತದೆ? ಆದರೆ ಪಮ್ಮಕ್ಕನ ಕಣ್ಣು ತಪ್ಪಿಸಿ ಮುಕ್ಕಾಲು ಸೆಕೆಂಡು ಹೋಗುವುದೆಂದರೆ ಅದೇನು ಹುಡುಗಾಟವೇ?

ಪಮ್ಮಕ್ಕ ಎಂದರೆ ಪ್ರಮೋದಿನಿ ಕಟಗೇರಿ. ಧಾರವಾಡದ ಹೊರಗೆ, ಗುಡ್ಡದ ಮಗ್ಗುಲಲ್ಲಿರುವ ಸ್ಟುಡಿಯೋದಲ್ಲಿ ಹತ್ತೊಂಬತ್ತು ವರ್ಷದಿಂದ ‘ರಿಪೇರಿ ರಾಯಪ್ಪ’ ಧಾರಾವಾಹಿಯ ಕಂಟಿನ್ಯೂಟಿ ನೋಡಿಕೊಳ್ಳುತ್ತಿದ್ದಳು. ಹೋದ ವಾರ ಹೇಗಿತ್ತೋ ಈ ವಾರವೂ ಹಾಗೇ ಇರುವಂತೆ ಕಾಯುವುದು ಅವಳ ಕೆಲಸ. ರಾಯಪ್ಪನ ಅಂಗಡಿಯ ಸ್ಟೀಲ್ ಲೋಟದ ತಗ್ಗು ಕ್ಯಾಮೆರಾದ ಕಡೆಗೇ ತಿರುಗಿರಬೇಕು. ಗೋಡೆಯ ಕ್ಯಾಲೆಂಡರಿನಲ್ಲಿ ಯಾವತ್ತೂ ಜೂನ್ ತಿಂಗಳೇ ಇರಬೇಕು. ಆ ಚಟ ಎಷ್ಟು ಅಂಟಿಕೊಂಡಿತ್ತೆಂದರೆ, ಯಾರ ಮನೆಗೆ ಚಹಾಕ್ಕೆ ಹೋದರೂ ಪಮ್ಮಕ್ಕ ಅವರ ಗೋಡೆಯ ಫೋಟೋ ನೆಟ್ಟಗೆ ಮಾಡಿಯೇ ಕೂಡ್ರುತ್ತಿದ್ದಳು. ಲಗ್ನ ಮಾಡಿಕೊಂಡಿರಲಿಲ್ಲ. “ಮನ್ಯಾಗ ಇನ್ನೊಬ್ಬರು ಬಂದ್ರ ಸಾಮಾನು ಜಾಗಾ ಬದಲಸ್ತಾವು” ಎಂದು ನಗುತ್ತಿದ್ದಳು. ಅರ್ಧ ಚೇಷ್ಟೆ, ಅರ್ಧ ಖರೆ.

ಆ ಧಾರಾವಾಹಿ ನೋಡದವರು ಕಡಿಮೆ. ರಾಯಪ್ಪ ಒಬ್ಬ ರಿಪೇರಿಯವ. ಪ್ರತಿ ಗುರುವಾರ ಸಂಜೆ ಏಳೂವರೆಗೆ ಯಾರಾದರೊಬ್ಬರು ಅವನ ಅಂಗಡಿಗೆ ಮಿಕ್ಸರೋ ಫ್ಯಾನೋ ಗೋಡೆ ಗಡಿಯಾರವೋ ತರುತ್ತಾರೆ. ರಾಯಪ್ಪ ಎದೆಗೆ ಎರಡು ಸಲ ತಟ್ಟಿಕೊಂಡು, “ಮೊದಲಿನ ಹಂಗ ಮಾಡಿ ಕೊಡ್ತೀನ್ರೀ!” ಅನ್ನುತ್ತಾನೆ. ಸಾಮಾನು ಐದು ನಿಮಿಷ ಚಂದಾಗಿ ನಡೆಯುತ್ತದೆ. ಆಮೇಲೆ ಢಂ! ಹೊಗೆ, ಕತ್ತಲೆ, ಓಣಿಯ ಫ್ಯೂಸೆಲ್ಲ ಹಾರಿಹೋಗುತ್ತದೆ. ಮುಂದಿನ ಗುರುವಾರ ರಾಯಪ್ಪನಿಗೂ ನೆನಪಿಲ್ಲ, ಓಣಿಯವರಿಗೂ ನೆನಪಿಲ್ಲ, ಮತ್ತೊಬ್ಬರು ಮತ್ತೊಂದು ಸಾಮಾನು ಹಿಡಿದು ಬರುತ್ತಾರೆ. ಇದೇ ಕಥೆ ಇಪ್ಪತ್ತೊಂದು ವರ್ಷ ನಡೆದುಕೊಂಡು ಬಂದಿತ್ತು.

ಹಾಗಂತ ಏನೂ ಬದಲಾಗದಿದ್ದರೂ ನಡೆಯುವುದಿಲ್ಲ. ಕಥಾ ಸಮಿತಿಯ ಹಿರಿಯರಾದ ಇನಾಮದಾರ ಸಾಹೇಬರು ಅದನ್ನು ಅರೆದು ಕುಡಿದಿದ್ದರು. “ಮಂದಿಗೆ ರಾಯಪ್ಪ ಬದಲಾಗಬೇಕು. ಆದ್ರ ಬದಲಾದದ್ದು ಗೊತ್ತಾಗಬಾರದು” ಎನ್ನುತ್ತಿದ್ದರು. ಅದಕ್ಕೇ ಒಂದು ಪದ್ಧತಿ. ಸಂಕ್ರಾಂತಿಯ ದಿನ ಸ್ಟುಡಿಯೋದಲ್ಲಿ ಕುಸುರೆಳ್ಳು ಹಂಚುವಾಗ ಒಂದೊಂದು ಪಾತ್ರಕ್ಕೆ ಒಂದೊಂದು ಚೀಟಿ ಕೊಡುವುದು. ಆ ವರ್ಷ ಆ ಪಾತ್ರಕ್ಕೆ ಅದೊಂದೇ ಬದಲಾವಣೆ. ಒಂದು ವರ್ಷ ರಾಯಪ್ಪನಿಗೆ ಚಾಳೀಸಿನ ಕನ್ನಡಕ ಬಂತು. ಮತ್ತೊಂದು ವರ್ಷ ತಂಗಿಯ ಲಗ್ನವಾಯಿತು, ಆದರೆ ಗಂಡನ ಮನೆ ಎದುರು ಓಣಿಯಲ್ಲೇ ಸಿಕ್ಕಿತು, ಅವಳು ಮೊದಲಿನ ಹಾಗೇ ದಿನಾ ಬಂದು ಅಣ್ಣನನ್ನು ಬೈಯುತ್ತಿದ್ದಳು.

ಪಾತ್ರವನ್ನು ಹೀಗೆ ಹಿಡಿದಿಡಬಹುದು. ನಟನ ಮೈಯನ್ನು ಹಿಡಿಯುವುದು ಹೇಗೆ? ಹದಿನಾಲ್ಕನೆಯ ವರ್ಷ ಧಾರಾವಾಹಿ ಮಕಾಡೆ ಬಿದ್ದಿತ್ತು. ಯಾಕೆಂದು ಕಂಡುಹಿಡಿದವಳೂ ಪಮ್ಮಕ್ಕನೇ. ಏಳುನೂರು ಸಲ ಢಂ ಅಂದದ್ದನ್ನು ಕೇಳಿ ಕೇಳಿ ರಾಯಪ್ಪನ ಪಾತ್ರಧಾರಿ ಫಕೀರಪ್ಪ ಹೂಗಾರನ ಮೈ ಕಲಿತುಬಿಟ್ಟಿತ್ತು. ಢಂ ಎನ್ನುವುದಕ್ಕೆ ಕಾಲು ಸೆಕೆಂಡು ಮೊದಲೇ ಅವನ ಕಣ್ಣು ಮುಚ್ಚುತ್ತಿದ್ದವು. ನೋಡುವವರಿಗೆ ಅದು ತಿಳಿಯುತ್ತಿರಲಿಲ್ಲ, ನಗು ಮಾತ್ರ ಬರುತ್ತಿರಲಿಲ್ಲ.

ಆಗ ಬಂದದ್ದು ಅಚ್ಚುಕುರ್ಚಿ. ಹಲ್ಲಿನ ಡಾಕ್ಟರ ಹತ್ತಿರ ಇರುವಂಥದ್ದೇ ಒಂದು ಕುರ್ಚಿ, ತಲೆಗೆ ತಂತಿಯ ಟೊಪ್ಪಿಗೆ. ಮೂರನೆಯ ವರ್ಷದ ಟೇಪುಗಳಿಂದ ಫಕೀರಪ್ಪನ ಒಂದು ಅಚ್ಚು ತೆಗೆದರು. ಅವನು ಹೇಗೆ ಬೆಚ್ಚುತ್ತಿದ್ದ, ಉಸಿರು ಎಲ್ಲಿ ಕಡಿಯುತ್ತಿತ್ತು, ಕೈ ಎಷ್ಟು ಎತ್ತರಕ್ಕೆ ಏಳುತ್ತಿತ್ತು ಎಲ್ಲಾ ಅದರಲ್ಲಿತ್ತು. ಪ್ರತಿ ಸೋಮವಾರ ನಲವತ್ತು ನಿಮಿಷ ಕುರ್ಚಿಯಲ್ಲಿ ಕೂತರೆ, ಆ ಅಚ್ಚಿನಿಂದ ಆಚೆ ಹೋದದ್ದನ್ನು ಯಂತ್ರ ಉಜ್ಜಿ ತೆಗೆಯುತ್ತಿತ್ತು, ಹಳೆಯದನ್ನು ಒತ್ತುತ್ತಿತ್ತು. ನೆನಪಿಗೆ ಕೈ ಹಚ್ಚುತ್ತಿರಲಿಲ್ಲ. ಹೆಂಡತಿಯ ಹೆಸರು, ಸಾಲೆಯ ಪಾಠ, ನಿನ್ನೆಯ ಜಗಳ ಎಲ್ಲಾ ಇದ್ದಲ್ಲೇ ಇರುತ್ತಿದ್ದವು. ಹೋಗುತ್ತಿದ್ದದ್ದು ಮೈಯ ರೂಢಿ ಅಷ್ಟೇ. ಅದೂ ಕ್ಯಾಮೆರಾದಲ್ಲಿ ಕಂಡು, ಪಮ್ಮಕ್ಕ ಕೆಂಪು ಗುರುತು ಹಾಕಿದ ರೂಢಿ ಮಾತ್ರ. ಒಮ್ಮೆ ಹಾಕಿದ ಕೆಂಪು ಗುರುತನ್ನು ತೆಗೆಯಲು ಸಮಿತಿಯೇ ಆಗಬೇಕು, ಅದೂ ಸಂಕ್ರಾಂತಿಗೆ.

ಮತ್ತೆ ನಗು ಬಂತು. ಆಮೇಲೆ ಏಳು ವರ್ಷ ಯಾರೂ ತೊಂದರೆ ಹೇಳಲಿಲ್ಲ.

ಡಿಸೆಂಬರಿನ ಒಂದು ಶನಿವಾರ ಕಂಟ್ರೋಲ್ ರೂಮಿನಲ್ಲಿ ಪಮ್ಮಕ್ಕ ಆ ವಾರದ ಕಂತನ್ನು ತಿರುಗಿ ನೋಡುತ್ತಿದ್ದಳು. ಪರದೆಯ ಕೆಳಗೆ ಎರಡು ಗೆರೆ. ನೋಡುವವರಿಗೆ ಪರಿಚಯದ್ದು ಎಷ್ಟೆಂದು ಹಳದಿ ಗೆರೆ ತೋರಿಸುತ್ತದೆ, ಹೊಸತು ಎಷ್ಟೆಂದು ನೀಲಿ ಗೆರೆ. ನೀಲಿ ಏರಿದರೆ ಮಂದಿ ಕಕ್ಕಾಬಿಕ್ಕಿಯಾಗಿ ಚಾನೆಲ್ ಬದಲಿಸುತ್ತಾರೆ. ಹಳದಿಯೊಂದೇ ಉಳಿದರೆ ಆಕಳಿಸುತ್ತಾರೆ. ಕೊನೆಯ ಢಂಗಿಂತ ಸ್ವಲ್ಪ ಮೊದಲು, ರಾಯಪ್ಪ ಕೈ ಒರೆಸಿಕೊಳ್ಳುವಲ್ಲಿ, ನೀಲಿ ಗೆರೆ ಒಂದಿಷ್ಟು ಮಿಸುಕಿತು. ಪಮ್ಮಕ್ಕ ನಿಧಾನ ಮಾಡಿ ನೋಡಿದಳು. ಫಕೀರಪ್ಪನ ಬಲಗೈಯ ಎರಡು ಬೆರಳು ಎಡ ಮಣಿಕಟ್ಟನ್ನು ಮುಟ್ಟಿ ಹೊರಳಿದವು. ಹಿಂದಿನ ವಾರ ನೋಡಿದಳು, ಅಲ್ಲೂ ಏನೋ ಒಂದು, ಆದರೆ ಬೇರೆ ತರಹ. ಏಳು ವಾರ ಹಿಂದೆ ಹೋದಳು. ಏಳೂ ವಾರ, ಅದೇ ಜಾಗದಲ್ಲಿ, ಬೇರೆ ಬೇರೆ ತರಹ ಬೆರಳು ಆಡಿದ್ದವು.

ಫಕೀರಪ್ಪನಿಗೆ ಐವತ್ತನಾಲ್ಕು. ಕೈ ನಡುಗುವ ರೋಗವೇನಾದರೂ ಹತ್ತಿತೇ? ಇನಾಮದಾರರ ಕಣ್ಣಿಗೆ ಬಿದ್ದರೆ ಅವನನ್ನು ಕೈಬಿಟ್ಟು ಬೇರೆಯವನಿಗೆ ಆ ಅಚ್ಚು ಒತ್ತುತ್ತಾರೆ. ಫಕೀರಪ್ಪ ಅವಳಿಗೆ ಬರೀ ನಟನಲ್ಲ. ಅವಳ ಮನೆಯ ಮೇಲಂತಸ್ತಿನಲ್ಲೇ ಹೆಂಡತಿ ನೀಲವ್ವ, ಒಂಬತ್ತು ವರ್ಷದ ಮಗಳು ಮುಕ್ತಾಳ ಜೊತೆ ಇದ್ದವ. ಮನೆಯಲ್ಲಿ ರೊಟ್ಟಿ ಬಡಿದರೆ ಎರಡು ಕೆಳಗೆ ಕಳಿಸದೆ ಉಂಡವರಲ್ಲ ಆ ಮನೆಯವರು.

ಸೋಮವಾರ ಕುರ್ಚಿಗೆ ಬಂದಾಗ ಕೇಳಿಯೇ ಬಿಟ್ಟಳು. “ಫಕೀರಣ್ಣಾ, ಕೈಗೆ ಏನಾಗೇತಿ?”

ಅವನು ಅರಗಳಿಗೆ ಅವಳ ಮುಖ ನೋಡಿದ. “ಏನಿಲ್ಲ ಪಮ್ಮಕ್ಕಾ. ವಯಸ್ಸಾತಲ್ಲ” ಎಂದು ನಕ್ಕ.

ಅಯ್ಯೋ, ಆವಾಗಲೇ ಖರೆ ಹೇಳಿದ್ದರೆ! ಪಮ್ಮಕ್ಕ ಏಳೂ ಕಡೆ ಕೆಂಪು ಗುರುತು ಹಾಕಿದಳು. ಅವನನ್ನು ಉಳಿಸುತ್ತಿದ್ದೇನೆ ಎಂದೇ ಹಾಕಿದಳು. ಟೊಪ್ಪಿಗೆಯೊಳಗೆ ಫಕೀರಪ್ಪ ಹಳೆಯ ಕಂಪನಿ ನಾಟಕದ ಮಟ್ಟು ಗುನುಗುತ್ತ ಕಣ್ಣು ಮುಚ್ಚಿದ. ಮರುದಿನ ಶೂಟಿಂಗಿನಲ್ಲಿ ಅವನ ಕೈ ಮೂರನೆಯ ವರ್ಷ ಇದ್ದ ಹಾಗೆ, ನೆಟ್ಟಗೆ, ಒರೆಸಿಕೊಂಡಿತು. ನೀಲಿ ಗೆರೆ ತಣ್ಣಗಾಯಿತು.

ಬುಧವಾರ ಬೆಳಿಗ್ಗೆ ನೀಲವ್ವ ತಲೆ ಸಹ ಬಾಚದೆ ಕೆಳಗೆ ಬಂದಳು. “ಪಮ್ಮಕ್ಕಾ, ನಮ್ಮನಿಯವರ ಕೈಗೆ ಏನ್ ಮಾಡೀರಿ ನೀವು?”

ಮೇಲೆ ಹೋಗಿ ನೋಡಿದರೆ ಫಕೀರಪ್ಪ ಚಾಪೆಯ ಮೇಲೆ ಕೂತಿದ್ದ. ಎದುರಿಗೆ ಮುಕ್ತಾ. ಆರು ವರ್ಷದವಳಿದ್ದಾಗ ಜ್ವರ ತಲೆಗೇರಿ ಅವಳ ಎರಡೂ ಕಿವಿ ಹೋಗಿದ್ದವು. ಆಮೇಲೆ ಒಂದು ವರ್ಷ ಹುಡುಗಿ ಯಾರ ಜೊತೆಗೂ ಮಾತಾಡಿರಲಿಲ್ಲ, ಗೋಡೆಯ ಕಡೆ ಮುಖ ಮಾಡಿ ಕೂಡ್ರುತ್ತಿದ್ದಳು. ಅವಳನ್ನು ಈಚೆ ಕರೆತಂದದ್ದು ಅಪ್ಪನ ಕೈ. ಕಿವುಡ ಮಕ್ಕಳ ಸಾಲೆಗೆ ತಾನೂ ಹೋಗಿ, ಹಿಂದಿನ ಬೆಂಚಿನಲ್ಲಿ ಕೂತು, ಸನ್ನೆ ಕಲಿತು ಬಂದಿದ್ದ. ಸಾಲದ್ದಕ್ಕೆ ಇಬ್ಬರೇ ಸೇರಿ ಕಟ್ಟಿಕೊಂಡ ಸನ್ನೆಗಳೂ ಇದ್ದವು. ಅವರಿಬ್ಬರೂ ಕೈಯಲ್ಲೇ ಹರಟೆ ಹೊಡೆಯುತ್ತಾರೆ ಎಂಬುದು ಪಮ್ಮಕ್ಕನಿಗೆ ಗೊತ್ತಿತ್ತು. ಯಾವ ಸನ್ನೆಗೆ ಯಾವ ಅರ್ಥ ಎಂಬುದು ಗೊತ್ತಿರಲಿಲ್ಲ. ಕೇಳುವ ಪುರುಸೊತ್ತೂ ಮಾಡಿಕೊಂಡಿರಲಿಲ್ಲ.

ಮುಕ್ತಾ ಕೈಯಲ್ಲಿ ಏನೋ ಕೇಳಿದಳು. ಫಕೀರಪ್ಪನ ಕೈ ಎದೆಯ ಮಟ್ಟಕ್ಕೆ ಎದ್ದವು, ಅಲ್ಲೇ ನಿಂತವು. ಆಮೇಲೆ ಇಲ್ಲದ ಅರಿವೆಗೆ ಒರೆಸಿಕೊಂಡು ಕೆಳಗಿಳಿದವು. ಹುಡುಗಿ ಮತ್ತೊಮ್ಮೆ ಕೇಳಿದಳು, ನಿಧಾನವಾಗಿ, ದೊಡ್ಡದಾಗಿ. ಅಪ್ಪನೇ ಇನ್ನೂ ಏನೂ ಕಲಿಯದ ಮಗು ಅನ್ನುವ ಹಾಗೆ.

“ಅಕಿ ಕೇಳಿದ್ದು ಗೊತ್ತಾಗತೈತಿ ಪಮ್ಮಕ್ಕಾ” ಎಂದ ಫಕೀರಪ್ಪ. “ನಾ ಏನ್ ಹೇಳಬೇಕನ್ನೋದೂ ಗೊತ್ತೈತಿ. ಎಲ್ಲಾ ತಲಿಯಾಗ ಐತಿ. ಕೈಗೆ ಬರವಲ್ದು.”

“ಆ ಏಳು ವಾರದ್ದು…” ಎಂದಳು ಪಮ್ಮಕ್ಕ.

“ಗುರುವಾರ ಗುರುವಾರ ಟಿ.ವಿ. ಮುಂದ ಕೂಡ್ರಸಿದ್ರ ಅಕಿ ಮುಖಾ ತಿರಗಸತಿದ್ಲು. ಅಪ್ಪ ಬರೇ ಬಾಯಿ ತಗೀತಾನು, ಮಂದಿ ನಗತಾರು, ನನಗೇನೂ ಕೇಳಂಗಿಲ್ಲ ಅಂತ. ಅದಕ್ಕ ವಾರಕ್ಕೊಂದು ಮಾತು ಅಕಿಗಷ್ಟೇ ಹೇಳತಿದ್ದೆ. ‘ಊಟ ಆತೇನು’, ‘ನಿನ್ನ ಜಡಿ ಚಂದ ಐತಿ’, ಇಂಥಾವು. ಅಷ್ಟೂ ಮಂದ್ಯಾಗ ಅಪ್ಪ ನನ್ನ ಕೂಡ ಮಾತಾಡ್ತಾನ ಅಂತ ಟಿ.ವಿ. ಬಿಟ್ಟು ಏಳತಿದ್ದಿಲ್ಲ. ನಿಮಗ ಹೇಳಿದ್ರ ನೀವು ಬ್ಯಾಡ ಅಂತೀರಿ ಅಂತ ಹೆದರಿದೆ.”

ಪ್ರಸಾರದ ಹೊತ್ತಿಗೆ ಪಮ್ಮಕ್ಕ ಯಾವತ್ತೂ ಕಂಟ್ರೋಲ್ ರೂಮಿನಲ್ಲಿ ಗೆರೆ ನೋಡುತ್ತ ಕೂತಿರುತ್ತಿದ್ದಳು. ಟಿ.ವಿ.ಯ ಮುಂದೆ ಕೂತ ಮುಕ್ತಾಳ ಮುಖವನ್ನು ಅವಳು ಒಂದು ದಿನವೂ ನೋಡಿರಲಿಲ್ಲ. ಇನ್ನು ಕುರ್ಚಿಯ ಸಂಗತಿ. ಏಳು ರೂಢಿ ಉಜ್ಜಿದರೆ ಏಳೇ ಹೋಗುತ್ತವೆ ಎಂದು ಎಲ್ಲರೂ ತಿಳಿದಿದ್ದರು. ಆದರೆ ಕೈಯ ರೂಢಿಯೆಂದರೆ ಗರಿಕೆಯ ಹಾಗೆ, ಒಂದು ಎಳೆ ಜಗ್ಗಿದರೆ ಅಂಗಳದ್ದೆಲ್ಲ ಕಿತ್ತುಕೊಂಡು ಬರುತ್ತದೆ. ಎರಡು ವರ್ಷ ಕಲಿತದ್ದೆಲ್ಲ ಒಂದು ಸೋಮವಾರ ಹೋಗಿತ್ತು. ವಾರವಿಡೀ ಕೂತು ಮತ್ತೆ ನಾಲ್ಕು ಕಲಿತರೂ ಮುಂದಿನ ಸೋಮವಾರ ಅವೂ ಹೋಗುವವೇ.

ಹುಡುಗಿ ಪಮ್ಮಕ್ಕನನ್ನು ನೋಡುತ್ತಿದ್ದಳು. ಪಮ್ಮಕ್ಕನಿಗೆ ಆ ನೋಟ ತಾಳಲಾಗಲಿಲ್ಲ. ಹುಡುಗಿಯ ಪಾಟಿ ತೆಗೆದುಕೊಂಡು ಬರೆದಳು: “ಮೊದಲಿನ ಹಂಗ ಮಾಡಿ ಕೊಡ್ತೀನಿ.” ಬರೆದ ಮೇಲೆಯೇ ಅದು ಯಾರ ಮಾತೆಂದು ಹೊಳೆದದ್ದು.

ಕುರ್ಚಿ ಬಿಡು ಎಂದರೆ ಫಕೀರಪ್ಪ ಬಿಡುವವನಲ್ಲ. “ಹದಿನಾಲ್ಕನೇ ವರ್ಷ ನೆನಪೈತಲ್ಲ? ನಾ ನಗಸಲಿಲ್ಲಂದ್ರ ಸ್ಟುಡಿಯೋದಾಗಿನ ಎಂಬತ್ತು ಮಂದಿ ಮನಿ ಒಲಿ ಆರತಾವು” ಎನ್ನುತ್ತಿದ್ದ. ಸಂಕ್ರಾಂತಿಗೆ ಮೂರು ವಾರ ಇತ್ತು. ಪಮ್ಮಕ್ಕ ಇನಾಮದಾರ ಸಾಹೇಬರ ಮುಂದೆ ಎಲ್ಲವನ್ನೂ ಬಿಚ್ಚಿ ಹೇಳಿದಳು.

ಇನಾಮದಾರರು ಕೆಟ್ಟವರೇನಲ್ಲ. ಕೇಳುತ್ತ ಕೇಳುತ್ತ ಅವರ ಕಣ್ಣು ಒದ್ದೆಯಾದವು. ಒರೆಸಿಕೊಂಡರು. ಆಮೇಲೆ ಅದೇ ಕಣ್ಣು ಹೊಳೆಯತೊಡಗಿದವು.

“ಪ್ರಮೋದಿನಿ, ಈ ವರ್ಷದ ಚೀಟಿ ಸಿಕ್ಕಿತು ನೋಡು! ಇಪ್ಪತ್ತೊಂದು ವರ್ಷ ಢಂ ಢಂ ಕೇಳಿ ರಾಯಪ್ಪನ ಕಿವಿ ಮಂದ ಆಗ್ಯಾವ. ಸನ್ನಿ ಮಾಡ್ತಾನ. ಮಂದಿಗೆ ಹೊಸದೂ ಆತು, ಅದಽ ರಾಯಪ್ಪನೂ ಉಳದ. ಟೇಪಿನ್ಯಾಗ ಇದ್ದ ಏಳು ಸನ್ನಿ ಅಚ್ಚಿಗೆ ಸೇರಸು, ಕುರ್ಚಿ ಒತ್ತತದ.”

“ಉಳಿದಾವು ಸಾಹೇಬ್ರ? ಅಂವ ಸಾವಿರ ಕಲ್ತಿದ್ದ.”

“ಟೇಪಿನ್ಯಾಗ ಇಲ್ಲದ್ದು ಒತ್ತೂದು ಹೆಂಗ? ಮತ್ತ ಮಂದಿಗೂ ಏಳು ಸಾಕು. ಎಂಟನೇದ್ದು ಬಂದ್ರ ನೀಲಿ ಗೆರಿ ಏರತದ. ಏಳಕ್ಕ ಗುರುತು ತಗೀತೀನಿ, ಕೈಯಾಗಿನ ಉಳದದ್ದಕ್ಕ ಕೆಂಪು ಹಂಗಽ ಇರಲಿ.”

ಏನೂ ಇಲ್ಲದ್ದಕ್ಕಿಂತ ಏಳಾದರೂ ಸಿಕ್ಕವಲ್ಲ ಎಂದುಕೊಂಡಳು ಪಮ್ಮಕ್ಕ. ಸಂಕ್ರಾಂತಿಯ ಮರುದಿನವೇ ಒತ್ತಿಸಿದಳು. ಆ ಸಂಜೆ ಫಕೀರಪ್ಪ ಮಗಳ ಮುಂದೆ ನಿಂತು, ಎರಡು ಬೆರಳು ಮಣಿಕಟ್ಟಿಗೆ ಮುಟ್ಟಿಸಿ ಹೊರಳಿಸಿದ. ನಿನ್ನ ಜಡಿ ಚಂದ ಐತಿ. ಮುಕ್ತಾ ಚೀರಿ ಅವನ ಕೊರಳಿಗೆ ಬಿದ್ದಳು. ನೀಲವ್ವ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಪಮ್ಮಕ್ಕ ಕೆಳಗೆ ಬಂದು ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡಳು.

ಧಾರಾವಾಹಿ ಮತ್ತೆ ಚಿಗಿತುಕೊಂಡಿತು. ಅಂಗಡಿಗೆ ಬರುವ ಬೋಳುತಲೆಯ ಕಿರಾಣಿ ಶೆಟ್ಟಿಗೆ ರಾಯಪ್ಪ ‘ನಿನ್ನ ಜಡಿ ಚಂದ ಐತಿ’ ಎಂದು ಸನ್ನೆ ಮಾಡುತ್ತಿದ್ದ, ಕೆಳಗೆ ಅಕ್ಷರದಲ್ಲಿ ಅರ್ಥ ಬರುತ್ತಿತ್ತು, ನಾಡಿಗೆ ನಾಡೇ ಹೊಟ್ಟೆ ಹಿಡಿದು ನಗುತ್ತಿತ್ತು. ಢಂ ಆದ ಮೇಲೆ ಹೊಗೆಯೊಳಗಿಂದ ‘ಊಟ ಆತೇನು’ ಎಂಬ ಸನ್ನೆ. ಓಣಿಯ ಮಕ್ಕಳೆಲ್ಲ ಅದನ್ನೇ ಆಡುತ್ತಿದ್ದವು. ಗೆರೆಗಳೆರಡೂ ಜೋಡೆತ್ತಿನ ಹಾಗೆ ಸಮನಾಗಿ ನಡೆದವು. ಇನಾಮದಾರರು ಪಮ್ಮಕ್ಕನಿಗೆ ಶಾಲು ಹೊದಿಸಿದರು.

ಮೇಲಿನ ಮನೆಯಲ್ಲಿ ಮಾತ್ರ ದಿನಕ್ಕೆ ಏಳೇ ಮಾತು. ಮುಕ್ತಾ ಸಾಲೆಯಲ್ಲಿ ಬಿದ್ದು ಮೊಣಕಾಲು ಒಡೆದುಕೊಂಡು ಬಂದು ಅಪ್ಪನಿಗೆ ಉದ್ದಕ್ಕೂ ಹೇಳಿದಳು. ಅವನ ಕೈ ‘ನಗು’ ಎಂದಿತು. ಗೆಳತಿ ಊರು ಬಿಟ್ಟು ಹೋದಳೆಂದು ಅತ್ತಳು. ಅವನ ಕೈ ‘ಊಟ ಆತೇನು’ ಎಂದಿತು. ಪಾಟಿಯ ಮೇಲೆ ಬರೆದು ತೋರಿಸುತ್ತಿದ್ದ, ನಿಜ. ಆದರೆ ಬರೆದು ಕೊಟ್ಟದ್ದು ಹುಡುಗಿಗೆ ಸಾಲೆಯ ನೋಟೀಸಿನ ಹಾಗೆ, ಅವಳಿಗೆ ಬೇಕಾದದ್ದು ಅಪ್ಪನ ಕೈ. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಅವು ಒತ್ತಿದ ಸನ್ನೆಗಳಲ್ಲವೇ? ಪ್ರತಿ ಸಲವೂ ಮೊದಲ ಸಲದ ಉಮೇದಿನಲ್ಲೇ ಬರುತ್ತಿದ್ದವು. ಕಣ್ಣಲ್ಲಿ ನೀರಿದ್ದರೂ ಕೈ ಕುಣಿಯುತ್ತಿತ್ತು.

ಮೇ ತಿಂಗಳ ಸೂಟಿಯಲ್ಲಿ ಒಂದು ಭಾನುವಾರ ಮಧ್ಯಾಹ್ನ, ನೀಲವ್ವ ಕರೆದಳೆಂದು ಪಮ್ಮಕ್ಕ ಮೇಲೆ ಹೋದಳು. ಬಚ್ಚಲ ಬಾಗಿಲಲ್ಲಿ ಮೊಳದುದ್ದದ ಜಡೆ ಬಿದ್ದಿತ್ತು. ರಿಬ್ಬನ್ನೂ ಬಿಚ್ಚಿರಲಿಲ್ಲ. ಪಡಸಾಲೆಯ ನಡುವೆ ಮುಕ್ತಾ ನಿಂತಿದ್ದಳು, ಅಡ್ಡಾದಿಡ್ಡಿ ಕತ್ತರಿಸಿದ ಕೂದಲು ಕಿವಿಯ ಮೇಲೆ ಚಕ್ಕುಚಕ್ಕಾಗಿ ನಿಂತಿತ್ತು. ಕೈಯಲ್ಲಿ ಕತ್ತರಿ. ಅಪ್ಪ ಸ್ನಾನ ಮುಗಿಸಿ ಈಚೆ ಬರಲಿ ಎಂದು ಕಾಯುತ್ತಿದ್ದಳು.

ಫಕೀರಪ್ಪ ಬಂದ. ಮಗಳನ್ನು ನೋಡಿದ. ಅವನ ಬಾಯಿ ತೆರೆಯಿತು. “ಯಾಕವ್ವಾ?” ಎಂದ, ಅವಳಿಗೆ ಕೇಳದ ಧ್ವನಿಯಲ್ಲಿ. ಅದನ್ನೇ ಕೈಯಲ್ಲಿ ಕೇಳಲು ತಡಕಾಡಿದ. ಬೆರಳು ಗಾಳಿಯಲ್ಲಿ ಒದ್ದಾಡಿದವು, ಒಂದು ಕ್ಷಣ ನಿಂತವು. ಆಮೇಲೆ ಬಲಗೈಯ ಎರಡು ಬೆರಳು ಎಡ ಮಣಿಕಟ್ಟಿಗೆ ಮುಟ್ಟಿ, ಚೆಂದಾಗಿ, ನಗುನಗುತ್ತ ಹೊರಳಿದವು.

ನಿನ್ನ ಜಡಿ ಚಂದ ಐತಿ.

ಫಕೀರಪ್ಪ ತನ್ನ ಬಲಗೈಯನ್ನು ಎಡಗೈಯಿಂದ ಹಿಡಿದು ಗೋಡೆಗೆ ಬಡಿದ. ಮತ್ತೊಮ್ಮೆ ಬಡಿದ. ನೀಲವ್ವ ಓಡಿ ಹಿಡಿದಳು. ಮುಕ್ತಾ ಅಳಲಿಲ್ಲ. ಕತ್ತರಿಯನ್ನು ಕೆಳಗಿಟ್ಟು ಪಾಟಿ ತೆಗೆದುಕೊಂಡು ನೆಟ್ಟಗೆ ಪಮ್ಮಕ್ಕನ ಹತ್ತಿರ ಬಂದಳು. ಬರೆಯಲು ಬಹಳ ಹೊತ್ತು ತೆಗೆದುಕೊಂಡಳು.

“ಪಮ್ಮತ್ತೀ ನನಗ ಮೊದಲಿನ ಹಂಗ ಬ್ಯಾಡಾಗಿತ್ತು. ಮುಂದಿಂದು ಬೇಕಾಗಿತ್ತು.”

ಪಮ್ಮಕ್ಕ ಕೆಳಗೆ ಬಂದು ತನ್ನ ಮನೆಯ ನಡುವೆ ನಿಂತಳು. ಲೋಟ ಇದ್ದಲ್ಲೇ ಇತ್ತು, ಕುರ್ಚಿ ಇದ್ದಲ್ಲೇ ಇತ್ತು, ಕಿಟಕಿಯ ಪರದೆಯ ನಿರಿಗೆ ಸಹ ಎಣಿಸಿ ಇಟ್ಟಂತೆ ಇತ್ತು. ಹತ್ತೊಂಬತ್ತು ವರ್ಷ ತಾನು ಕಾದದ್ದು ಇದನ್ನೇ ಏನು? ಅವಳಿಗೆ ತನ್ನ ಮೇಲೆ ಹೇಸಿಗೆ ಬಂತು. ಹೊರಗಿನ ಬಿಸಿಲಲ್ಲಿ ಯಾರೋ ಮಕ್ಕಳು ರಾಯಪ್ಪನ ಆಟ ಆಡುತ್ತ ಢಂ ಎಂದು ಕೂಗಿ ನಗುತ್ತಿದ್ದರು.

ಸೋಮವಾರ ಕುರ್ಚಿಯಲ್ಲಿ ಕೂತ ಫಕೀರಪ್ಪನ ತಲೆಗೆ ಟೊಪ್ಪಿಗೆ ಇಟ್ಟಳು. ಬಲಗೈಗೆ ಪಟ್ಟಿ ಕಟ್ಟಿಕೊಂಡು ಬಂದಿದ್ದ. ಗುಂಡಿಯ ಹತ್ತಿರ ಹೋದಳು, ಒತ್ತಲಿಲ್ಲ. ಬಾಗಿಲು ಹಾಕಿ ಸ್ಟೂಲಿನ ಮೇಲೆ ಕೂತಳು.

ಐದು ನಿಮಿಷದ ಮೇಲೆ ಅವನೇ ಕೇಳಿದ. “ಚಾಲೂ ಮಾಡೀರೇನು ಪಮ್ಮಕ್ಕಾ?”

“ಇಲ್ಲ.”

“ಯಾಕ?”

“ಮಾಡಂಗಿಲ್ಲ. ನಲವತ್ತು ನಿಮಿಷ ಕೂತು ಎದ್ದು ಹೋಗು.”

“ಢಂ ಅನ್ನೂಕಿಂತ ಮೊದಲ ಕಣ್ಣು ಮುಚ್ಚತಾವು ನನಗ” ಎಂದ ಅವನು. “ಮಂದಿ ನಗಂಗಿಲ್ಲ. ಇನಾಮದಾರ ಸಾಹೇಬ್ರು ನಿಮ್ಮನ್ನೂ ಬಿಡಂಗಿಲ್ಲ, ನನ್ನನ್ನೂ ಬಿಡಂಗಿಲ್ಲ. ಆ ಎಂಬತ್ತು ಮಂದಿ?”

“ಗೊತ್ತಿಲ್ಲ ಫಕೀರಣ್ಣಾ. ಖರೇನೂ ನನಗ ಗೊತ್ತಿಲ್ಲ.”

ಅವನು ಎದ್ದು ಹೋಗಬಹುದಿತ್ತು. ಇನಾಮದಾರರಿಗೆ ಹೇಳಬಹುದಿತ್ತು. ಹೇಳಿದರೆ ತಪ್ಪೂ ಅಲ್ಲ. ಪಮ್ಮಕ್ಕ ನೆಲ ನೋಡುತ್ತ ಕೂತಿದ್ದಳು. ಸ್ವಲ್ಪ ಹೊತ್ತಿಗೆ ಅರಿವೆ ಸರಿದ ಸದ್ದಾಯಿತು. ತಲೆಯೆತ್ತಿದಳು. ತಂತಿಯ ಟೊಪ್ಪಿಗೆ ಹಾಕಿಕೊಂಡೇ, ಕಣ್ಣು ಮುಚ್ಚಿ, ಫಕೀರಪ್ಪ ಪಟ್ಟಿ ಕಟ್ಟಿದ ಕೈಯ ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಚ್ಚುತ್ತಿದ್ದ. ಮುಕ್ತಾ ಹೇಗೆ ಮಾಡುತ್ತಿದ್ದಳೆಂದು ನೆನಪು ಮಾಡಿಕೊಳ್ಳುತ್ತಿದ್ದ. ನಲವತ್ತು ನಿಮಿಷ ಅದನ್ನೇ ಮಾಡಿದ.

ಪಮ್ಮಕ್ಕ ಪುಸ್ತಕದಲ್ಲಿ ‘ಉಜ್ಜಿದೆ, ಒತ್ತಿದೆ’ ಎಂದು ಬರೆದು ಸಹಿ ಮಾಡಿದಳು. ಅವಳು ಬರೆದ ಮೊದಲ ಸುಳ್ಳು ಅದು. ಆಮೇಲೆ ಮೂರು ಸೋಮವಾರ ಹೀಗೇ ನಡೆಯಿತು. ಒತ್ತಿದ ಏಳು ಸನ್ನೆಗಳ ಉಮೇದು ವಾರವಾರಕ್ಕೆ ಇಳಿಯುತ್ತ ಬಂತು, ಹಳದಿ ಗೆರೆ ಅಲುಗಾಡಿತು. ಇನಾಮದಾರರು ಎರಡು ಸಲ ಕೇಳಿದರು, ಅವಳು ಬೇಸಿಗೆಯ ಮೇಲೆ ಹಾಕಿದಳು. ನಾಲ್ಕನೆಯ ವಾರದ ಕಂತು ಅವಳ ಮುಂದೆ ಬಂತು. ಪ್ರಸಾರಕ್ಕೆ ಮೊದಲು ಕೊನೆಯ ಸಹಿ ಅವಳದೇ. ಪೂರ್ತಿ ನೋಡಿದಳು, ಕೈ ಒರೆಸುವ ಜಾಗವನ್ನು ಮೂರು ಸಲ ನೋಡಿದಳು. ಕೆಂಪು ಪೆನ್ನು ಮುಚ್ಚಿಟ್ಟು ಸಹಿ ಹಾಕಿದಳು.

ಆ ಗುರುವಾರ ಸಂಜೆ ಪಮ್ಮಕ್ಕ ಕಂಟ್ರೋಲ್ ರೂಮಿಗೆ ಹೋಗಲಿಲ್ಲ. ಮೇಲಿನ ಮನೆಯ ಚಾಪೆಯ ಮೇಲೆ, ಬೋಳು ಕತ್ತಿನ ಮುಕ್ತಾಳ ಪಕ್ಕ ಕೂತಳು. ಫಕೀರಪ್ಪ ಟಿ.ವಿ.ಗೆ ಬೆನ್ನು ಮಾಡಿ ಬಾಗಿಲ ಹತ್ತಿರ ನಿಂತಿದ್ದ, ತನ್ನ ಸೋಲನ್ನು ನೋಡಲಾರೆ ಎನ್ನುವ ಹಾಗೆ. ಮುಕ್ತಾಳೂ ಅರ್ಧ ಮುಖ ತಿರುಗಿಸಿಯೇ ಕೂತಿದ್ದಳು. ಈ ಸಲ ಗಡಿಯಾರದ ರಿಪೇರಿ. ರಾಯಪ್ಪ ಎದೆ ತಟ್ಟಿಕೊಂಡ, ಆದರೆ ಸೋತವನ ಹಾಗೆ ತಟ್ಟಿಕೊಂಡ. ಶೆಟ್ಟಿಯ ಬೋಳುತಲೆ ಬಂತು, ಜಡೆಯ ಸನ್ನೆ ಬರಲಿಲ್ಲ. ಕಿಟಕಿಯಾಚೆ ಓಣಿಯ ಯಾವ ಮನೆಯಿಂದಲೂ ನಗು ಕೇಳಲಿಲ್ಲ. ಕೊನೆಗೆ ಅರಿವೆ ತೆಗೆದುಕೊಂಡು ಕೈ ಒರೆಸಿದ. ನಿಲ್ಲಿಸಿದ. ಕ್ಯಾಮೆರಾದ ಕಡೆ ಪೂರ್ತಿ ತಿರುಗಿ, ಒಂದೊಂದು ಬೆರಳನ್ನೂ ಹುಡುಕಿ ಹುಡುಕಿ ಎತ್ತಿ, ಉಗುರಿನ ತುದಿಯಿಂದ ತನ್ನ ಕೂದಲು ಮುಟ್ಟಿ ಏನೋ ಕೇಳಿದ.

ಟೇಪಿನಲ್ಲಿ ಎಲ್ಲೂ ಇಲ್ಲದ, ಯಾರೂ ಒತ್ತದ ಸನ್ನೆ ಅದು. ಕೂದಲು ಯಾಕ ಕತ್ತರಿಸಿದಿ?

ಅಷ್ಟರಲ್ಲಿ ಢಂ ಎಂದಿತು. ರಾಯಪ್ಪನ ಕಣ್ಣು ಅದಕ್ಕಿಂತ ಮೊದಲೇ ಮುಚ್ಚಿದ್ದವು. ಹೊಗೆಯೊಳಗೂ ಕೈ ಎತ್ತಿದ ಹಾಗೇ ಇತ್ತು.

ಮುಕ್ತಾ ಎದ್ದು ಟಿ.ವಿ.ಯ ಹತ್ತಿರ ಹೋದಳು. ಪರದೆಯ ಮೇಲೆ ನಿಂತ ಅಪ್ಪನ ಕೈಯ ಹತ್ತಿರ ತನ್ನ ಕೈ ಒಯ್ದು, ಅವನ ಕಿರುಬೆರಳನ್ನು ಗಾಜಿನ ಮೇಲಿಂದಲೇ ಒಳಗೆ ಮಡಚಲು ನೋಡಿದಳು. ಸನ್ನೆಯಲ್ಲಿ ಆ ಬೆರಳೊಂದು ತಪ್ಪಿತ್ತು. ಆಗ ತಿರುಗಿ ಬಾಗಿಲಲ್ಲಿ ನಿಂತವನ ಹತ್ತಿರ ಓಡಿದಳು, ಅವನ ನಿಜವಾದ ಕಿರುಬೆರಳು ಹಿಡಿದು ಮಡಚಿದಳು, ಹೀಗಲ್ಲ ಹೀಗೆ ಎಂದು ತಲೆಯಾಡಿಸಿದಳು. ಬೈಯುತ್ತ, ಅಳುತ್ತ, ಅವನ ಕೈ ತಿದ್ದುತ್ತ ನಿಂತಳು.

ಪಮ್ಮಕ್ಕನ ಫೋನು ಹೊಡೆದುಕೊಳ್ಳತೊಡಗಿತು. ಇನಾಮದಾರ ಸಾಹೇಬರು. ಎತ್ತಿದಳು. ಆ ಕಡೆಯಿಂದ ಮೊದಲು ಉಸಿರು, ಆಮೇಲೆ ಕೂಗು.

“ಹೌದ್ರಿ ಸಾಹೇಬ್ರ” ಎಂದಳು ಪಮ್ಮಕ್ಕ, ಅಪ್ಪ ಮಗಳ ಮೇಲಿನ ಕಣ್ಣು ಕೀಳದೆ. “ಕಂಟಿನ್ಯೂಟಿ ತಪ್ಪೇತಿ. ನಾನೇ ತಪ್ಪಿಸೀನಿ.”